ಉಪ್ಪಿನ ಹಗೆ ಡೆಸ್ಮಂಡ್

ಪರ್ತ್‌ನ ಹಿತ್ತಲುಗಳಲ್ಲಿ ಈಜುಕೊಳ ರಿಪೇರಿ ಮಾಡುವ ಡೆಸ್ಮಂಡನಿಗೆ ಉಪ್ಪುನೀರಿನ ಕೊಳ ಕಂಡರೆ ಮೈಯೆಲ್ಲ ಉರಿ. "ಉಪ್ಪು ಸುರಿದ್ರೆ ಮಿಷನ್ನೇ ಕ್ಲೋರಿನ್ ಮಾಡ್ಕೊಳ್ಳತ್ತೆ ಅಂತ ಹಿಗ್ಗಿದ್ರಲ್ಲಾ, ಈಗ ನೋಡೀಮ್ಮ! ಏಣಿ ತಿಂತು, ಹೀಟರ್ ತಿಂತು, ಅಂಚಿನ ಕಲ್ಲನ್ನ ಬಿಸ್ಕತ್ತಿನ ಥರ ಪುಡಿ ಮಾಡ್ತು. ನಾಳೆ ನಿಮ್ಮ ಯಜಮಾನ್ರ ಹಲ್ಲಿನ ಸೆಟ್ಟೂ ಉಳಿಯಲ್ಲ!" ಎಂದು ಕೊಳದ ಮನೆಯೊಡತಿಯರ ಮೇಲೆ ಹರಿಹಾಯುತ್ತಾನೆ. ಉಪ್ಪುನೀರು ಸಿಡಿದು ಹುಲ್ಲು ಸತ್ತ ಕಡೆ ಟೋಪಿ ತೆಗೆದು ಒಂದು ನಿಮಿಷ ಮೌನ ಆಚರಿಸುತ್ತಾನೆ. ಮಿಷನ್ನಿಗೆ ಕಟ್ಟಿದ ಸುಣ್ಣವನ್ನು ಆಸಿಡ್‌ನಲ್ಲಿ ತೊಳೆಯುತ್ತ, ಒಂದು ಕೊಳ ಇಡೀ ಕಾರನ್ನೇ ನುಂಗಿ ಬರೀ ಟೈರು ಉಗುಳಿದ ಕಥೆ ಹೇಳುತ್ತಾನೆ. ಇಂಥವನ ಮನೆಯ ಕೊಳವೂ ಉಪ್ಪಿನದೇ. ಸಾದಾ ಕ್ಲೋರಿನ್ ನೀರು ಹೆಂಡತಿ ಥೆಲ್ಮಾಳ ಮೈಗೆ ಆಗದು. ನೀರಿಗಿಳಿಯದಿದ್ದರೆ ಅವಳ ಮಂಡಿಗಳು ನಡೆಯಗೊಡವು. ತನಗಾಗಿ ಹಾಕಿದ ಉಪ್ಪು ತಮ್ಮ ಕೊಳವನ್ನೂ ತಿನ್ನುತ್ತಿದೆಯೆಂದು ತಿಳಿದರೆ ಅವಳು ಈಜನ್ನೇ ಬಿಟ್ಟಾಳು. ಆದ್ದರಿಂದ ವರ್ಷಕ್ಕೊಮ್ಮೆ, ಅವಳು ತಂಗಿಯ ಮನೆಗೆ ಹೋದ ದಿನ, ಕೊಳದ ಮೆಟ್ಟಿಲ ಬಳಿಯ ತುಕ್ಕು ತಿಂದ ಹಿಡಿಗಂಬಿ ಕಿತ್ತು ಅಂಥದ್ದೇ ಹೊಸದನ್ನು ಕೂರಿಸುತ್ತಾನೆ. "ಏನ್ರೀ, ಊರವರ ಉಪ್ಪೆಲ್ಲ ರಾಕ್ಷಸ, ನಮ್ಮದು ಏನೂ ಮಾಡಲ್ವಾ?" ಎಂದು ಅವಳು ಕಂಬಿ ಹಿಡಿದು ಇಳಿಯುತ್ತ ಕೇಳುತ್ತಾಳೆ. "ನಮ್ಮದು ಸಾಧು ಕಣೇ," ಎನ್ನುವ ಡೆಸ್ಮಂಡ್, ಬೂಟಿನ ದಾರ ಕಟ್ಟುವ ನೆವದಲ್ಲಿ ಬಗ್ಗಿ, ಅವಳ ಪಾದ ಕೊಳದ ತಳ ಮುಟ್ಟುವವರೆಗೂ, ಮತ್ತೆ ತುಕ್ಕು ತಿನ್ನತೊಡಗಿದ ಕಂಬಿಯ ಬುಡವನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿರುತ್ತಾನೆ.