ನೆಂಟರನ್ನು ತೆವಳಿಸುವ ಹಾಗಿಲ್ಲ

ನನ್ನ ಗಂಡನಿಗೆ ಒಂದು ಚಾಳಿ ಇದೆ. ಎದುರಿಗೆ ನಿಂತವರು ಕರಾವಳಿಯವರೆಂದು ಗೊತ್ತಾದರೆ ಸಾಕು, ಚಹಾ ಕುದಿಯುವಷ್ಟರಲ್ಲಿ ಅವರನ್ನು ನೆಂಟರನ್ನಾಗಿ ಮಾಡಿಬಿಡುತ್ತಾರೆ. ಮೊದಲು ಊರು, ಆಮೇಲೆ ಮನೆ, ಆಮೇಲೆ ‘ಬರಿ’, ಅಂದರೆ ನಾವು ತುಳುವರು ತಾಯಿಯ ಕಡೆಯಿಂದ ಎಣಿಸುವ ಕುಲ. ಅಲ್ಲಿಯೂ ಸಿಗದಿದ್ದರೆ ಯಾರದೋ ಮದುವೆ ದಿಬ್ಬಣಕ್ಕೆ ಒಂದೇ ಬಸ್ಸಿನಲ್ಲಿ ಹೋದದ್ದಾದರೂ ನೆನಪಾಗುತ್ತದೆ. ಮಸ್ಕತ್ತಿಗೆ ಬಂದ ಮೇಲೆ ಇದು ಕಡಿಮೆಯಾಗಬಹುದೆಂದುಕೊಂಡಿದ್ದೆ. ಜಾಸ್ತಿಯೇ ಆಯಿತು.

ವಾದಿ ಅದಾಯ್‌ನಲ್ಲಿ ನಮ್ಮದು ಹಳೆಯ ಬಾಡಿಗೆ ಮನೆ. ಮಳೆ ಬಂದ ದಿನ ವಾದಿಯ, ಅಂದರೆ ಉಳಿದ ದಿನಗಳಲ್ಲಿ ಒಣಗಿರುವ ಹಳ್ಳದ, ನೀರು ಒಳಗೆ ನುಗ್ಗಬಾರದೆಂದು ಕಟ್ಟಿದವರು ನೆಲವನ್ನು ಎತ್ತರಿಸಿ ಅಡಿಯಲ್ಲಿ ಟೊಳ್ಳು ಬಿಟ್ಟಿದ್ದಾರೆ. ಹಿಂಬದಿಯ ಪುಟ್ಟ ತಗಡಿನ ಬಾಗಿಲು ತೆಗೆದು ಹೊಟ್ಟೆಯ ಮೇಲೆ ತೆವಳಿದರೆ ಒಳಗೆ ಹೋಗಬಹುದು. ಅಲ್ಲಿ ಯಾವುದೋ ಪೈಪು ಸೋರಿ, ನಮ್ಮ ಮಲಗುವ ಕೋಣೆಯ ತುಂಬ ಒದ್ದೆ ಗೋಣಿಯ ವಾಸನೆ. ನನಗೆ ಕೆಮ್ಮು ಹಿಡಿಯಿತು. ಮಲಗಿದರೆ ಜಾಸ್ತಿ, ಎದ್ದು ಕೂತರೆ ಕಡಿಮೆ. ತೇವ ಹೋಗದೆ ಕೆಮ್ಮು ಹೋಗದು ಎಂದು ಡಾಕ್ಟರು ಹೇಳಿದರು. “ಎಂತ ಇಲ್ಲ, ಅದು ಎಸಿ ಗಾಳಿಗೆ” ಎಂದು ಗಂಡ ಹೇಳಿದರು.

ಮನೆಯ ಮಾಲೀಕರಾದ ಒಮಾನಿ ಅಜ್ಜ ಧಾರಾಳಿ. ಕಂಟ್ರಾಕ್ಟರನ್ನು ನೀವೇ ಆರಿಸಿ, ಬಿಲ್ಲು ನನಗೆ ಕಳಿಸಿ, ಖಲಾಸ್ ಎಂದುಬಿಟ್ಟರು. ಯಾರು ನೆಲದಡಿಗೆ ಹೋಗಿ ಕಣ್ಣಾರೆ ನೋಡಿ ಬರುತ್ತಾರೋ ಅವರಿಗೇ ಕೆಲಸ ಎಂದು ನಾನು ತೀರ್ಮಾನಿಸಿದೆ. ಇಷ್ಟು ಸುಲಭದ ಪರೀಕ್ಷೆಯಲ್ಲಿ ಯಾರು ತಾನೇ ಫೇಲಾಗುತ್ತಾರೆ?

ಮೊದಲು ಬಂದವರು ಮೂಲ್ಕಿಯವರು. ಕೈಯಲ್ಲಿ ಟಾರ್ಚು ಹಿಡಿದೇ ಬಂದಿದ್ದರು, ಪಾಪ. “ಮೂಲ್ಕಿಯಲ್ಲಿ ಎಲ್ಲಿ ಆಯ್ತು ನಿಮಗೆ?” ಎಂದು ಗಂಡ ಕೇಳಿದ ಕೂಡಲೇ ಟಾರ್ಚು ಟೀಪಾಯಿಯ ಮೇಲೆ ಹೋಯಿತು. ಇಬ್ಬರ ಬರಿಯೂ ಒಂದೇ ಎಂದು ಗೊತ್ತಾಯಿತು, ಅಂದರೆ ಅಣ್ಣತಮ್ಮಂದಿರು. ನಾನು ಗೋಳಿಬಜೆ ಕರಿದೆ. ತಿಂದು, ನನ್ನ ಕೈರುಚಿಯನ್ನು ಹೊಗಳಿ, ಅವರು ಹೊರಟೇ ಹೋದರು.

“ಅಡಿಗೆ ಹೋಗಿ ನೋಡಲೇ ಇಲ್ಲ ಅಲ್ವಾ?” ಎಂದೆ.

“ಎಂತ ಮಾರಾಯ್ತಿ, ಅಣ್ಣನನ್ನು ಹೊಟ್ಟೆಯಲ್ಲಿ ತೆವಳಿಸುದಾ? ಇಸ್ತ್ರಿ ಅಂಗಿ ಹಾಕಿ ಬಂದಿದ್ದಾರೆ!”

ಎರಡನೆಯವರು ಉಡುಪಿ ಕಡೆಯ ಕೊಂಕಣಿ ಕ್ರಿಶ್ಚಿಯನ್ನರು. ಇಲ್ಲಿ ‘ಬರಿ’ಯ ಲೆಕ್ಕ ನಡೆಯುವುದಿಲ್ಲವೆಂದು ನಾನು ಒಳಗೊಳಗೇ ಖುಷಿಪಟ್ಟೆ. ನೋಡಿದರೆ ಅವರ ತಂದೆ ದರ್ಜಿ, ನನ್ನ ಗಂಡನ ಮದುವೆಯ ಕೋಟು ಹೊಲಿದವರೇ ಅವರು! ಆಲ್ಬಮ್ ಹೊರಗೆ ಬಂತು. ಅಪ್ಪ ಹೊಲಿದ ಕೋಟನ್ನು ಫೋಟೋದಲ್ಲಿ ನೋಡಿ ಕಂಟ್ರಾಕ್ಟರು ಕಣ್ಣೊರೆಸಿಕೊಂಡರು. ಪಕ್ಕದಲ್ಲಿ ಕೂತು ನಾನು ಕೆಮ್ಮುತ್ತಿದ್ದೆ. ನೀರು ಕುಡಿಯಿರಿ ಅಕ್ಕ ಎಂದು ಉಪಚಾರ ಮಾಡಿ ಅವರೂ ಹೋದರು.

ನನಗೆ ಪಿತ್ತ ನೆತ್ತಿಗೇರಿತು. ಕೆಮ್ಮಿ ಕೆಮ್ಮಿ ಪಕ್ಕೆ ನೋಯುತ್ತಿತ್ತು, ಇವರಿಗೆ ಸಂಬಂಧಿಕರ ಸಂಭ್ರಮ. ನಾನೇ ಹುಡುಕಿ ಪೇಶಾವರದ ಕಡೆಯ ಒಬ್ಬ ಪಠಾಣನನ್ನು ಕರೆಸಿದೆ. “ಅವನ ಹತ್ತಿರ ಊರು, ಮನೆ, ಅಜ್ಜ, ಅಜ್ಜಿ, ಎಂತದ್ದೂ ಕೇಳಬಾರದು ನೀವು” ಎಂದು ಗಂಡನಿಗೆ ತಾಕೀತು ಮಾಡಿದೆ.

ಪಠಾಣ ಹಳೆಯ ಬಟ್ಟೆಯಲ್ಲೇ ಬಂದ. “ಬಾಜಿ, ದರ್ವಾಜಾ ಕಿಧರ್ ಹೈ?” ಎಂದವನೇ ತಗಡಿನ ಬಾಗಿಲ ಮುಂದೆ ಮಲಗಿ ತಲೆ ಒಳಗೆ ತೂರಿಸಿದ. ನನಗೆ ಕುಣಿಯುವಷ್ಟು ಸಂತೋಷವಾಯಿತು. ಗಂಡನ ಮುಖವೂ ಅರಳಿತು, ಕಾರಣ ಮಾತ್ರ ಬೇರೆ.

“ಬಾಜಿ ಅಂದ್ರೆ ಅಕ್ಕ ಅಲ್ವಾ? ನಿನ್ನನ್ನು ಅಕ್ಕ ಅಂದ ಮೇಲೆ ನನಗೆ ಭಾವ ಆಯ್ತಲ್ಲ!”

ನಾನು ಬೇಡವೆನ್ನುವಷ್ಟರಲ್ಲಿ ಅವನ ಎರಡೂ ಕಾಲು ಹಿಡಿದು ಹೊರಗೆ ಎಳೆಯತೊಡಗಿದ್ದರು. “ಭಾಯಿ, ಪೆಹಲೇ ಚಾಯ್!” ಎಂದು ಕೂಗು ಬೇರೆ. ಪಠಾಣ ಒಳಗಿನಿಂದ ಏನೋ ಬೈಯುತ್ತಿದ್ದ. ಪಶ್ತೋ ನನಗೆ ಬಾರದಿದ್ದರೂ ಪೂರ್ತಿ ಅರ್ಥವಾಯಿತು.

“ನೆಂಟರು ಯಾರೂ ತೆವಳಬಾರದಾದರೆ ನೀವೇ ಹೋಗಿ! ನೀವು ನೆಂಟರಲ್ಲ ಅಲ್ವಾ, ಗಂಡ ಅಲ್ವಾ?” ಎಂದು ಕಿರುಚಿದೆ. ಕಿರುಚಿದ್ದಕ್ಕೆ ಕೆಮ್ಮು ಒತ್ತರಿಸಿಕೊಂಡು ಬಂದು ಗೋಡೆ ಹಿಡಿದು ನಿಂತೆ. ಎಷ್ಟು ಕೆಮ್ಮಿದರೂ ನಿಲ್ಲಲಿಲ್ಲ.

ಗಂಡ ನನ್ನನ್ನೇ ನೋಡಿದರು. ಹೊರಗೆ ಬಂದಿದ್ದ ಪಠಾಣನ ಟಾರ್ಚು ಇಸಿದುಕೊಂಡು, ಆಫೀಸಿನ ಪ್ಯಾಂಟಿನಲ್ಲೇ, ಹೊಟ್ಟೆಯ ಮೇಲೆ ಒಳಗೆ ಹೋದರು. ಸ್ವಲ್ಪ ಹೊತ್ತು ಪಾದಗಳು ಕಂಡವು, ಆಮೇಲೆ ಅವೂ ಇಲ್ಲ. ಹೊರಗೆ ಬಂದಾಗ ಮೂಗಿನ ತುದಿಯಿಂದ ಬೆಲ್ಟಿನವರೆಗೆ ಕೆಸರು. ನಾನೂ ಪಠಾಣನೂ ನಗು ತಡೆದುಕೊಂಡೆವು. ಅವರು ನಗಲಿಲ್ಲ.

“ನಿನ್ನ ದಿಂಬಿನ ಸರಿ ಕೆಳಗೆ ಮಾರಾಯ್ತಿ, ಕಪ್ಪು ಬೂಷ್ಟು, ಮುಟ್ಟಿದರೆ ಕೈಗೆ ಬರ್ತದೆ. ನೀನು ಇದರ ಮೇಲಾ ಇಷ್ಟು ದಿನ ಮಲಗಿದ್ದು?” ಎಂದರು. ಬೈಯಬೇಕೆಂದು ಎಷ್ಟೋ ಮಾತು ಕೂಡಿಟ್ಟಿದ್ದ ನನಗೆ ಅಳು ಬಂತು.

ಅಂದೇ ಪಠಾಣನಿಗೆ ಕೆಲಸ ಒಪ್ಪಿಸಿದರು. ಅವನು ಪೈಪು ಬದಲಾಯಿಸಿ, ಒಳಗನ್ನು ಕೆರೆದು ಒಣಗಿಸಿ, ಮಣ್ಣಿನ ಮೇಲೆ ದಪ್ಪ ಪ್ಲಾಸ್ಟಿಕ್ ಹಾಸಿ, ಬಿರುಕುಗಳಿಗೆಲ್ಲ ಸಿಮೆಂಟು ಮೆತ್ತಿದ. ಆಮೇಲೂ ಗಂಡ ನನ್ನನ್ನು ಆ ಕೋಣೆಗೆ ಬಿಡಲಿಲ್ಲ. ನನ್ನನ್ನು ಹಾಲ್‌ನಲ್ಲಿ ಮಲಗಿಸಿ, ನನ್ನ ಜಾಗದಲ್ಲಿ ತಾವು ಮಲಗಿ, ದಿನಾ ಬೆಳಿಗ್ಗೆ ಹಾಸಿಗೆ ಮೂಸಿ ವರದಿ ಒಪ್ಪಿಸುತ್ತಿದ್ದರು. ಒಂದು ಶುಕ್ರವಾರ ಊಟದ ಮೇಲೆ “ಈಗ ಬಾ” ಎಂದು ಕರೆದರು. ನಾನು ಹೋಗಿ ಮಲಗಿದೆ. ಅವರು ಮಂಚದ ಅಂಚಿನಲ್ಲಿ ಕೂತು ನನ್ನ ಉಸಿರನ್ನು ಕೇಳುತ್ತಿದ್ದರು, ಎಸಿಯ ಸದ್ದು ಅಡ್ಡ ಬರಬಾರದೆಂದು ಅದನ್ನೂ ಆರಿಸಿ, ಆ ಸೆಕೆಯಲ್ಲಿ.