ಮೀಟ್ರು ಸರ್ಯಾಗದೆ ಬುದ್ಧಿ

ಹೋದ ತಿಂಗಳು ಗುಂಡ್ಲುಪೇಟೆಯಲ್ಲಿ ನಾನು ಒಂದಿಡೀ ಮಧ್ಯಾಹ್ನ ಕೈಗಡಿಯಾರ ನೋಡುತ್ತ, ನಿಮಿಷಕ್ಕೊಮ್ಮೆ "ಈಗ!" ಎಂದು ಕೂಗುತ್ತ ನಿಂತಿದ್ದೆ. (ಮೇಷ್ಟ್ರಿಗೆ ಬಿಸಿಲು ತಲೆಗೇರಿತೇ ಎಂದು ನೀವು ಕೇಳಬಹುದು. ದಾರಿಹೋಕರು ಕೇಳಿಯೇಬಿಟ್ಟರು.)

ವಿಷಯ ಇಷ್ಟೆ. ಹಂಗಳದ ರಸ್ತೆಯ ಸರ್ಕಾರಿ ಕೃಷಿ ಫಾರಂ ಒಂದರಲ್ಲಿ ಬಿಸಿಲು ಅಳೆಯುವ ಮೀಟರ್ ಇದೆ. ಗಾಜಿನ ಮುಚ್ಚಳದಡಿ ಕಪ್ಪು ಬಿಲ್ಲೆ. ಬಿಸಿಲು ಏರಿದಂತೆ ತಂತಿಯ ಇನ್ನೊಂದು ತುದಿಯ ಪೆಟ್ಟಿಗೆಯಲ್ಲಿ ಮುಳ್ಳು ಏರುತ್ತದೆ. ಅದು ಸರಿಯಾಗಿ ಅಳೆಯುತ್ತಿದೆಯೇ ಎಂದು ಪರೀಕ್ಷಿಸಲು ಬೆಂಗಳೂರಿನಿಂದ ಆಫೀಸರೊಬ್ಬರು ತಮ್ಮದೊಂದು ಪಕ್ಕಾ ಮೀಟರ್ ತಂದಿದ್ದರು. ಎರಡನ್ನೂ ಅಕ್ಕಪಕ್ಕ ಇಟ್ಟು ಒಂದೇ ಕ್ಷಣದಲ್ಲಿ ಓದಬೇಕು. ಸಾಹೇಬರು ತಮ್ಮದನ್ನು, ಫಾರಂನಲ್ಲಿ ದಿನದಿನದ ರೀಡಿಂಗ್ ಬರೆಯುವ ಕೆಲಸದ ಮಾದಯ್ಯ ಇಲ್ಲಿನದನ್ನು. ಚಾಮರಾಜನಗರದಲ್ಲಿ ಸೈನ್ಸ್ ಪಾಠ ಮಾಡುವ ನಾನು ಸುಮ್ಮನೆ ನೋಡಲು ಹೋದವನು. ಕೈಯಲ್ಲಿ ಗಡಿಯಾರವಿದ್ದ ತಪ್ಪಿಗೆ ಕೆಲಸಕ್ಕೆ ಸಿಕ್ಕಿಬಿದ್ದೆ.

ಮಾದಯ್ಯ ಭೀಮನಬೀಡಿನವನು. ಐವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ.

ಆಕಾಶದಲ್ಲಿ ಒಂದು ಚೂರು ಮೋಡವಿಲ್ಲ. ಆದರೂ ಎರಡು ಮೀಟರಿಗೂ ತಾಳೆಯಾಗಲಿಲ್ಲ. ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ. ಮಾದಯ್ಯನ ಹೆಗಲ ಮೇಲಿಂದ ಬಗ್ಗಿ ನೋಡಿದೆ. ಮುಳ್ಳು ನಲವತ್ತೆರಡರಲ್ಲಿತ್ತು.

"ನಲವತ್ತೇಳು" ಎಂದ ಮಾದಯ್ಯ.

ಓದಿದ್ದಲ್ಲ, ಊಹಿಸಿದ್ದು. ನನಗೆ ಗೊತ್ತಾಯಿತು. ಹೇಳಲೇ? ಪಾಪ, ಅವನ ಕೆಲಸ ಹೋದೀತು. ಗಡಿಯಾರದತ್ತ ತಿರುಗಿಕೊಂಡೆ.

"ಮೀಟರ್ ಕೆಟ್ಟಿದೆ. ಎರಡು ವರ್ಷದ ರೀಡಿಂಗ್ ಅಷ್ಟೂ ಹೊಡೆದುಹಾಕ್ಬೇಕು" ಎಂದು ಸಾಹೇಬರು ಪೆನ್ ತೆಗೆದರು.

ಮಾದಯ್ಯ ಎದ್ದು ಸಾಹೇಬರಿಗೆ ಕೈಮುಗಿದ. "ಮೀಟ್ರು ಸರ್ಯಾಗದೆ ಬುದ್ಧಿ."

ನೀರು ತಂದಿದ್ದ ಅವನ ಸೊಸೆ ಚೆನ್ನಾಜಮ್ಮ ಗಾಬರಿಯಾದಳು. "ಸುಮ್ಕಿರಿ ಮಾವ."

"ಏನ್ ಸುಮ್ಕಿರದು, ಬುಡವ್ವ." ಅವನು ಸಾಹೇಬರತ್ತ ತಿರುಗಿದ. "ಎಲ್ಡು ವರ್ಸದಿಂದ ನನ್ ಕಣ್ಣು ಮಂಜಾಗ್ಬುಟ್ಟವೆ. ದಿನಾ ಮುಳ್ಳು ನೋಡಿ ಬರಿಯೋಳು ಈ ನನ್ ಸೊಸೆ. ಉಮ್ಮತ್ತೂರಲ್ಲಿ ಓದ್ಕೊಂಡವ್ಳೆ. ನಾನು ಬರೀ ರುಜು ಆಕ್ತಿದ್ದೆ. ಅವ್ಳು ಬರ್ದಿರದ ಒಡ್ದಾಕ್ಬೇಡಿ."

ಸಾಹೇಬರು ಪೆನ್ ಜೇಬಿಗೆ ಹಾಕಿದರು. "ನೀನು ಕೂತ್ಕೊಳ್ಳಮ್ಮ" ಎಂದರು.

ಚೆನ್ನಾಜಮ್ಮ ಸೆರಗು ಸರಿಮಾಡಿಕೊಂಡು ಪೆಟ್ಟಿಗೆಯ ಮುಂದೆ ಕೂತಳು. ನಾನು "ಈಗ!" ಎಂದಾಗಲೆಲ್ಲ ಮುಳ್ಳು ನೋಡಿ ಅಂಕಿ ಹೇಳಿದಳು. ಬಿಸಿಲು ಇಳಿಯುವವರೆಗೂ ಎರಡು ಮೀಟರುಗಳೂ ತಾಳೆಯಾದವು.

ಎರಡು ವರ್ಷದ ರೀಡಿಂಗ್ ಉಳಿಯಿತು. ಮಾದಯ್ಯನ ಕೆಲಸ ಉಳಿಯಲಿಲ್ಲ. ಮೊನ್ನೆ ಆರ್ಡರ್ ಬಂತು. ಸೊಸೆಯನ್ನೇ ನೇಮಿಸಿ ಎಂದು ಸಾಹೇಬರು ಬರೆದಿದ್ದಾರಂತೆ. ಉತ್ತರ ಬಂದಿಲ್ಲ.

ಸುದ್ದಿ ಕೇಳಿ ಭೀಮನಬೀಡಿಗೆ ಹೋದೆ. "ಬೇಜಾರಾಯ್ತಾ ಮಾದಯ್ಯ?"

"ಆಗ್ದೆ ಇದ್ದದಾ ಮೇಷ್ಟ್ರೆ? ಆದ್ರೆ ಅವ್ಳು ಬಿಸ್ಲಲ್ಲಿ ನಿಂತು ಬರ್ದದ್ದು ಸುಳ್ಳಾಗ್ಬಾರ್ದಲ್ಲ."

ನನ್ನ ಮುಖ ಅವನಿಗೆ ಸರಿಯಾಗಿ ಕಾಣುತ್ತಿರಲಿಲ್ಲ. ಅದೇ ಒಳ್ಳೆಯದಾಯಿತು.

ಕಣ್ಣು ಚೆನ್ನಾಗಿದ್ದವನು ನಾನು. ನಿಜ ಹೇಳುವ ಕೆಲಸವನ್ನು ಅವನಿಗೇಕೆ ಬಿಟ್ಟೆ?