ಡಾಕ್ಟರಮ್ಮನ ಹಳೆಯ ಇನಿಷಿಯಲ್

ಕೊರೊನಾ ಇಳಿದ ಮರುವರ್ಷ ನಾನು ಅರಸೀಕೆರೆಯ ಒಂದು ಟ್ರಸ್ಟಿನ ಹೆರಿಗೆ ಆಸ್ಪತ್ರೆಯಲ್ಲಿ ಆಡಳಿತಾಧಿಕಾರಿಯಾಗಿದ್ದೆ. ಹುದ್ದೆಯ ಹೆಸರು ದೊಡ್ಡದು, ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಅದಕ್ಕೆ ಮೊದಲು ಕೊಬ್ಬರಿ ದಲ್ಲಾಳಿಯಾಗಿದ್ದವನು. ಮೂಟೆಯ ಬಾಯಲ್ಲಿರುವ ಕೊಬ್ಬರಿ ನೋಡಿ ದರ ಹೇಳುವವನು ಒಂದೇ ಹಂಗಾಮಿನಲ್ಲಿ ಮುಳುಗುತ್ತಾನೆ. ತಳಕ್ಕೆ ಕೈ ಹಾಕಬೇಕು. ಟ್ರಸ್ಟಿನವರು ನನ್ನನ್ನು ಕರೆತಂದದ್ದು ಆ ಅಭ್ಯಾಸಕ್ಕಾಗಿಯೇ.

ಆ ವರ್ಷ ನಮ್ಮ ಸ್ತ್ರೀರೋಗ ತಜ್ಞರು ಕೆಲಸ ಬಿಟ್ಟರು. ಸಿಸೇರಿಯನ್ ಬೇಕಾದವರನ್ನೆಲ್ಲ ಹಾಸನಕ್ಕೆ ಕಳಿಸಬೇಕಾಯಿತು. ನೋವು ತಿನ್ನುತ್ತಿರುವ ಬಸುರಿಯನ್ನು ಆಂಬುಲೆನ್ಸಿಗೆ ಹತ್ತಿಸಿ, ತಲುಪಿದರೆಂಬ ಫೋನ್ ಬರುವವರೆಗೆ ಕುರ್ಚಿಯಲ್ಲಿ ಕೂರಲಾಗುತ್ತಿರಲಿಲ್ಲ. ಅಂಥ ಹೊತ್ತಿನಲ್ಲಿ ಡಾ. ವಿಜಯಾ ಪ್ರಕಾಶ್ ಎಂಬವರ ಅರ್ಜಿ ಬಂತು. ನಮ್ಮ ಅಧ್ಯಕ್ಷರು, ತೆಂಗಿನಕಾಯಿ ವ್ಯಾಪಾರದವರು, ಕುಣಿದುಬಿಟ್ಟರು.

"ನೆಟ್ಟಲ್ಲಿ ಹೆಸರು ಹಾಕಿ ನೋಡ್ದೆ ಶಿವಣ್ಣೋರೇ. ಒಂದು ಕಪ್ಪು ಚುಕ್ಕೆನೂ ಇಲ್ಲ. ನಾಳೆನೇ ಬರಕ್ಕೇಳಿ."

ನಾನೂ ಹುಡುಕಿದೆ. ಕಪ್ಪು ಚುಕ್ಕೆ ಹಾಗಿರಲಿ, ಬಿಳಿ ಚುಕ್ಕೆಯೂ ಸಿಗಲಿಲ್ಲ. ಆ ಹೆಸರಿನ ಡಾಕ್ಟರೇ ವೈದ್ಯಕೀಯ ಪರಿಷತ್ತಿನ ಪಟ್ಟಿಯಲ್ಲಿ ಇರಲಿಲ್ಲ. ಕಾರಣ ಸುಲಭ. ನಮ್ಮ ಕಡೆ ಹೆಸರಿನ ಹಿಂದೆ ಊರು, ಅಪ್ಪ ಇಬ್ಬರೂ ಇನಿಷಿಯಲ್ಲಾಗಿ ನಿಂತಿರುತ್ತಾರೆ. ಮದುವೆಯಾದ ಮೇಲೆ ಹೆಣ್ಣುಮಕ್ಕಳು ಅವರಿಬ್ಬರನ್ನೂ ಬಿಟ್ಟು ಗಂಡನ ಹೆಸರು ಹಾಕಿಕೊಳ್ಳುತ್ತಾರೆ. ಆದರೆ ವೈದ್ಯರ ನೋಂದಣಿ ಆಗಿರುವುದು ಬಹುಪಾಲು ಓದಿದಾಗಿನ ಹೆಸರಿನಲ್ಲಿ. ಹಾಗಾಗಿ ಹೆಸರು ಹಾಕಿ ಹುಡುಕಿ ಏನೂ ಸಿಗಲಿಲ್ಲ ಎಂದು ಸಮಾಧಾನ ಪಡಬೇಡಿ, ನೋಂದಣಿ ಸಂಖ್ಯೆ ಹಾಕಿ. ಅರ್ಜಿಯಲ್ಲಿ ಅವರು ಸಂಖ್ಯೆ ಬರೆದೇ ಇದ್ದರು, ಅಧ್ಯಕ್ಷರು ನೋಡಿರಲಿಲ್ಲ. ನಾನು ಅದನ್ನು ಹಾಕಿ ನೋಡಿದೆ, ಹಳೆಯ ಹೆಸರು ಸಿಕ್ಕಿತು. ಆದರೂ ಅವರೇ ಹೇಳುತ್ತಾರೋ ಎಂದು ಸಂದರ್ಶನದ ದಿನ ಬಾಯಲ್ಲೇ ಕೇಳಿದೆ.

"ಓದುವಾಗ ನಿಮ್ಮ ಇನಿಷಿಯಲ್ ಏನಿತ್ತಮ್ಮ?"

ಕೇಳಿ ಸುಮ್ಮನಾದೆ. ಚೌಕಾಸಿಯಲ್ಲಿ ಪ್ರಶ್ನೆ ಹಾಕಿದ ಮೇಲೆ ಮತ್ತೆ ಬಾಯಿಬಿಟ್ಟವನು ಸೋತ ಹಾಗೆ.

ಅವರು ತಡವರಿಸಲಿಲ್ಲ. "ಎಚ್.ಆರ್. ಎಚ್ ಅಂದ್ರೆ ಹುಲಿಕೆರೆ, ನಮ್ಮಪ್ಪನ ಊರು. ಎಚ್.ಆರ್. ವಿಜಯಲಕ್ಷ್ಮಿ ಅಂತ ನೋಡಿ, ನನ್ನ ಮೇಲೆ ಒಂದು ಆದೇಶ ಆಗಿದೆ. ಮೂರು ತಿಂಗಳು ಅಮಾನತು. ಅಧ್ಯಕ್ಷರಿಗೆ ಫೋನಲ್ಲೇ ಹೇಳ್ದೆ. 'ಅದೆಲ್ಲ ಇರ್ಲಿ ಬಿಡಿ ಮೇಡಂ, ಯಾವಾಗ ಬತ್ತೀರಿ' ಅಂದ್ರು."

ಅಧ್ಯಕ್ಷರು ಫ್ಯಾನ್ ನೋಡತೊಡಗಿದರು.

ಆದೇಶ ತರಿಸಿ ಓದಿದೆ. ಬೇರೆ ಜಿಲ್ಲೆಯ ಖಾಸಗಿ ಆಸ್ಪತ್ರೆಯೊಂದರಲ್ಲಿ ಇವರು ಸಿಸೇರಿಯನ್ ಮಾಡಿದ ಹೆಂಗಸಿನ ಹೊಟ್ಟೆಯಲ್ಲಿ ರಕ್ತ ಒರೆಸುವ ಗಾಜ್ ಬಟ್ಟೆ ಉಳಿದುಬಿಟ್ಟಿತ್ತು. ಡಾಕ್ಟರಿಂದಲೇ ಪರಿಷತ್ತಿಗೆ ಬರೆಸಿ ಗುಡ್ ಸ್ಟ್ಯಾಂಡಿಂಗ್ ಸರ್ಟಿಫಿಕೇಟನ್ನೂ ತರಿಸಿಕೊಂಡೆ. ವೈದ್ಯರ ಮೇಲೆ ಬಾಕಿ ವಿಚಾರಣೆ ಇದೆಯೇ ಎಂದು ಹೇಳುವ ಪತ್ರ ಅದು. ಬಾಕಿ ಏನೂ ಇರಲಿಲ್ಲ. ಗ್ರಾಹಕರ ಆಯೋಗದಲ್ಲೂ ಕೇಸಿರಲಿಲ್ಲ. ಆದರೆ ತಪ್ಪಾದ ಮೇಲೆ ಡಾಕ್ಟರು ಹೇಗೆ ನಡೆದುಕೊಂಡರು ಎಂಬುದು ಇಂಥ ಕಾಗದಗಳಲ್ಲಿ ಸಿಗುವುದಿಲ್ಲ. ದೂರು ಕೊಟ್ಟವರ ಹೆಸರು ಆದೇಶದಲ್ಲಿ ಇರಲಿಲ್ಲ, ವಿಳಾಸವನ್ನು ಡಾಕ್ಟರನ್ನೇ ಕೇಳಿದೆ. ಅವರನ್ನು ಕೇಳದೆ ಹೆಸರು ಹೇಳುವುದಿಲ್ಲ, ಒಪ್ಪಿದರೆ ಅವರೇ ನಿಮಗೆ ಫೋನ್ ಮಾಡುತ್ತಾರೆ ಎಂದರು. ಕೆಲಸ ಕೈತಪ್ಪುವ ಹಾಗಿದ್ದರೂ ಆ ಮಾತಿನಿಂದ ಕದಲಲಿಲ್ಲ. ನನ್ನ ತಕ್ಕಡಿ ಅಲ್ಲೇ ಸ್ವಲ್ಪ ವಾಲಿತು.

ವಾರದೊಳಗೆ ಬಿಕ್ಕೋಡಿನಿಂದ ಫೋನ್ ಬಂತು. ಮಾಡಿದವನು ಆ ಹೆಂಗಸಿನ ಗಂಡ ಗಿರೀಶ, ಕಾಫಿ ಎಸ್ಟೇಟಿನಲ್ಲಿ ರೈಟರು, ಹಾಜರಿ ಬರೆಯುವವನು. ಬೇಲೂರಿನ ಮೇಲೆ ಹೋಗಿ ಅವರ ಮನೆಯಲ್ಲಿ ಕೂತೆ. ಡಾಕ್ಟರು ಹೇಗೆ ಎಂದರೆ "ಒಳ್ಳೇವ್ರು" ಎಂದ. ಆ ಮಾತಿಗೆ ನಾನು ಬೆಲೆ ಕಟ್ಟುವುದಿಲ್ಲ. ಎದುರಿಗೆ ಕೂತವರ ಮುಂದೆ ನಮ್ಮ ಜನ ಯಾರನ್ನೂ ಕೆಟ್ಟವರೆನ್ನುವುದಿಲ್ಲ. ಹಾಗಿದ್ದರೆ ದೂರು ಯಾಕೆ ಕೊಟ್ಟಿರಿ ಎಂದೆ. ಉತ್ತರ ಕೊಟ್ಟವಳು ಹೆಂಡತಿ ಶೋಭಾ.

"ಕೊಟ್ಟಿದ್ದು ನಾನು ಸಾರ್. ಎರಡು ಸಲ ಹೊಟ್ಟೆ ಕುಯ್ಸಿಕೊಂಡೋಳು ನಾನಲ್ವಾ?"

ಮೊದಲ ಹೆರಿಗೆ ಪದ್ಧತಿಯಂತೆ ತವರಿನ ಕಡೆಯ ಆಸ್ಪತ್ರೆಯಲ್ಲಾಗಿತ್ತು. ಆಮೇಲೆ ಜ್ವರ, ನೋವು. ಗ್ಯಾಸ್ ಎಂದವರೇ ಎಲ್ಲ. ಸ್ಕ್ಯಾನ್ ಮಾಡಿಸಿ ಬಟ್ಟೆ ಕಂಡುಹಿಡಿದದ್ದು ಇದೇ ಡಾಕ್ಟರು. ಸೋಂಕು ಎಂದು ಹೇಳಿ ಮತ್ತೆ ಆಪರೇಷನ್ ಮಾಡಿಬಿಡಿ ಎಂದು ಆಸ್ಪತ್ರೆಯವರು ಒತ್ತಾಯಿಸಿದರಂತೆ. ಇವರು ಮಂಚದ ಪಕ್ಕ ಕೂತು, ಬಟ್ಟೆ ಒಳಗೆ ಬಿಟ್ಟಿದ್ದೇವೆ, ತಪ್ಪು ನನ್ನದು ಎಂದರು. ಎಲ್ಲಿಗೆ ದೂರು ಬರೆಯಬೇಕೆಂದೂ ಹೇಳಿದರು. ಹೊಲಿಗೆಗೆ ಮುಂಚೆ ಬಟ್ಟೆಯ ಎಣಿಕೆ ಸರಿಯಿದೆ ಎಂದಿದ್ದವರು ನರ್ಸು. ವಿಚಾರಣೆಯಲ್ಲಿ ಅವರ ಮೇಲೆ ಹಾಕಬಹುದಿತ್ತು. ಹೊಲಿಗೆ ಹಾಕಿದವಳು ನಾನು ಎಂದು ಡಾಕ್ಟರು ಅಲ್ಲಿಗೇ ನಿಲ್ಲಿಸಿದರು.

"ಎರಡನೇ ಹೆರಿಗೆ ಎಲ್ಲಾಯ್ತಮ್ಮ?"

ಶೋಭಾ ನಕ್ಕಳು. "ನಮ್ಮತ್ತೆ ಇಲ್ಲೇ ಆಗ್ಲಿ ಅಂತ ಹಟ ಹಿಡಿದ್ರು. ನಾನು ಆಯಮ್ಮನ ಹತ್ರಾನೇ ಹೋದೆ. ನಂಗೆ ಸುಳ್ಳು ಹೇಳ್ದೇ ಇರೋ ಡಾಕ್ಟ್ರನ್ನ ಇನ್ನೆಲ್ಲಿ ಹುಡುಕ್ಲಿ?"

"ಹಂಗಂತ ಕಂಪ್ಲೇಂಟ್ ವಾಪಸ್ ತಗೊಂಡ್ಳಾ ಅಂದ್ರೆ ಅದೂ ಇಲ್ಲ ಸಾರ್," ಎಂದ ಗಂಡ.

"ಯಾಕ್ ತಗೊಳ್ಳಿ? ತಪ್ಪು ತಪ್ಪೇ ಕಣ್ರೀ."

ಮರುದಿನ ಟ್ರಸ್ಟಿನ ಸಭೆ. ಈಗ ಹೆದರಿದವರು ಅಧ್ಯಕ್ಷರು. ಊರಿಗೆ ಗೊತ್ತಾದರೆ ಏನು ಗತಿ, ತೆಗೆದುಕೊಳ್ಳುವುದೇ ಆದರೆ ಸಂಬಳವನ್ನಾದರೂ ಇಳಿಸೋಣ ಎಂದು ಕಿವಿಯಲ್ಲಿ ಉಸುರಿದರು. ಊರಿಗೆ ಗೊತ್ತಾಗುವ ಮುಂಚೆ ನಾವೇ ಹೇಳೋಣ, ಸಂಬಳದ ಮಾತು ಎತ್ತಬೇಡಿ ಎಂದೆ. ಜೀವಮಾನವೆಲ್ಲ ಚೌಕಾಸಿ ಮಾಡಿದವನು ನಾನು. ಎಲ್ಲಿ ಮಾಡಬಾರದೆಂಬುದೂ ಆ ಕಸುಬಿನಲ್ಲೇ ಸೇರಿದೆ.

ಡಾಕ್ಟರು ಒಂದೇ ಷರತ್ತು ಹಾಕಿದರು. ಎಣಿಸುವ ಸಿಸ್ಟರ್ ತಡೀರಿ ಎಂದರೆ ತಾವು ಹೊಲಿಗೆ ಹಾಕುವುದಿಲ್ಲ, ಅದಕ್ಕಾಗಿ ಆ ಸಿಸ್ಟರನ್ನು ಯಾರೂ ಗದರಬಾರದು. ಒಪ್ಪಿದೆವು. ಆಂಬುಲೆನ್ಸ್ ಹಾಸನದ ದಾರಿ ಹಿಡಿಯುವುದು ಅಪರೂಪವಾಯಿತು.

ಕೆಲವು ವಾರಗಳ ನಂತರ ಅರೇಹಳ್ಳಿ ಕಡೆಯ ಹೊಸ ಸಿಸ್ಟರ್ ಒಬ್ಬಳು ಆಪರೇಷನ್ ನಡುವೆ, "ತಡೀರಿ ಮೇಡಂ, ಒಂದು ಕಮ್ಮಿ ಐತೆ" ಎಂದಳು. ಡಾಕ್ಟರು ಸೂಜಿ ಕೆಳಗಿಟ್ಟು ಒಳಗೆಲ್ಲ ತಡಕಿದರು, ಬಳಸಿದ ಬಟ್ಟೆಯ ಬಕೆಟ್ ಸುರಿಸಿ ಎಲ್ಲವನ್ನೂ ಮತ್ತೆ ಎಣಿಸಲು ಹೇಳಿದರು. ಲೆಕ್ಕ ಸರಿಯಿತ್ತು, ಎರಡು ಬಟ್ಟೆ ಅಂಟಿಕೊಂಡಿದ್ದವು. ಹೊರಬಂದ ಮೇಲೆ ಆ ಹುಡುಗಿ ನನ್ನೆದುರೇ ಅಳುತ್ತ ಕ್ಷಮೆ ಕೇಳಿದಳು.

"ಅಳಬೇಡ," ಎಂದರು ಡಾಕ್ಟರು. "ನಾಳೆನೂ ಅನುಮಾನ ಬಂದ್ರೆ ಇಷ್ಟೇ ಜೋರಾಗಿ ಹೇಳು."

ಡಾಕ್ಟರನ್ನು ಆರಿಸುವವರಿಗೆ ನಾನು ಹೇಳುವುದು ಇಷ್ಟು. ನೋಂದಣಿ ಸಂಖ್ಯೆ ಹಿಡಿದು ಹುಡುಕಿ, ಆದೇಶವಿದ್ದರೆ ಪೂರ್ತಿ ಓದಿ, ಅಲ್ಲಿಗೇ ನಿಲ್ಲಬೇಡಿ. ಏನೂ ಸಿಗದ ಡಾಕ್ಟರು ತಪ್ಪಿದ ದಿನ ಏನು ಮಾಡುತ್ತಾರೋ ನನಗೆ ಗೊತ್ತಿಲ್ಲ. ಈ ಡಾಕ್ಟರಮ್ಮ ಏನು ಮಾಡುತ್ತಾರೆಂಬುದು ಗೊತ್ತಿತ್ತು.